ಏಳನೇ ನಂಬರಿನ ಮರ

ನನ್ನನ್ನು ಮೊದಲ ಸಲ ನೋಡಲು ಬಂದವರು ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಇನ್ನೊಂದು ಲೋಟ ಕಾಫಿ ಕೇಳಿ ಕುಡಿದರು. ಆಮೇಲೆ ಹದಿನೈದು ದಿನ ಸುದ್ದಿಯಿಲ್ಲದೆ ಇದ್ದು, ತೋಟ ಒಣಗಿದೆ, ಮುಂದೆ ನೋಡೋಣ ಎಂದು ಹೇಳಿ ಕಳಿಸಿದರು. ಅವರದು ಚಿಕ್ಕನಾಯಕನಹಳ್ಳಿ ಆಚೆಯ ಊರು. ಗುಡ್ಡ, ಕುರಿ, ರಾಗಿ ಹೊಲ, ಒಂದಿಷ್ಟು ತೆಂಗು. ಅವರ ಮನೆಯಲ್ಲೂ ನೀರೇನು ಉಕ್ಕಿ ಹರಿಯುತ್ತಿರಲಿಲ್ಲ. ಬೋರನಕಣಿವೆ ಜಲಾಶಯದ ನೀರು ಯಾರ್ಯಾರದೋ ಹೊಲಕ್ಕೆ ಹೋಗುವುದನ್ನು ನೋಡಿ ಹೊಟ್ಟೆ ಉರಿಸಿಕೊಂಡವರು ಅವರು. ಅಂಥವರು ನಮ್ಮ ತೋಟಕ್ಕೆ ಹೆಸರಿಡುವುದು ಎಂದರೆ ನನಗೆ ಮೈ ಉರಿದುಹೋಯಿತು.

ಅಪ್ಪ ತೋಟವೇ ಕಾರಣ ಎಂದು ನಂಬಿದರು, ಅಥವಾ ನಂಬಿದಂತೆ ಇದ್ದರು. ಅಜ್ಜಿ ಮಾತ್ರ ನನ್ನ ಬಾಯಿಯೇ ಕಾರಣ ಎಂದಳು. ಗಂಡಿನ ಅಪ್ಪ ನನಗೆ ಅಡುಗೆ ಬರುತ್ತದೆಯೇ ಎಂದು ಕೇಳಿದ್ದರು. ಬರುತ್ತದೆ, ನಿಮ್ಮ ಮಗನಿಗೆ ಬರುತ್ತದಾ ಎಂದು ನಾನು ಕೇಳಿದ್ದೆ. ಅಷ್ಟೇ. ಅದರಲ್ಲಿ ತಪ್ಪೇನಿದೆ ಎಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ. ಗಂಡಿನ ಅಪ್ಪನ ಮೀಸೆ ಅಲ್ಲಾಡಿತು. ಗಂಡು ಮಾತ್ರ ತಲೆ ತಗ್ಗಿಸಿ ಕಾಫಿ ಲೋಟದೊಳಗೆ ನಗುತ್ತಿದ್ದ. ಆ ನಗು ನನಗೆ ಹಿಡಿಸಿತ್ತು. ಹಿಡಿಸಿತ್ತು ಎಂದು ಯಾರಿಗೂ ಹೇಳಲಿಲ್ಲ. ಅವರು ಬೇಡವೆಂದ ಮೇಲೆ ಎರಡು ದಿನ ಎಲ್ಲರ ಮೇಲೂ ರೇಗಾಡಿದೆ, ದನಗಳ ಮೇಲೂ.

ನಮ್ಮೂರು ತಿಪಟೂರಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಒಳಗೆ ನಡೆಯಬೇಕಾದ ಊರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಬ್ಬೇಘಟ್ಟದ ಕಡೆ ನಾಲೆ ನೀರು ಹತ್ತಿದ ಜಾಗದಲ್ಲಿ ಭತ್ತ ಬೆಳೆಯುತ್ತಾರೆ ಎಂಬುದನ್ನು ನಮ್ಮೂರವರು ಸ್ವರ್ಗದ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ನಮ್ಮ ತೆಂಗಿನ ತೋಟಕ್ಕೆ ಇದ್ದದ್ದು ಒಂದು ಬಾವಿ. ಅಪ್ಪ ಬೆಳಗಾಗೆದ್ದು ಸಲಿಕೆ ಹಿಡಿದು ಕಾಲುವೆ ತಿರುಗಿಸಿ ಮರಮರಕ್ಕೂ ನೀರು ಕಟ್ಟುತ್ತಿದ್ದರು. ತೋಟದ ನಡುವೆ ಒಂದು ದಿಬ್ಬ, ಅದರ ನೆತ್ತಿಯಲ್ಲಿ ಒಂದು ಮರ. ಅಲ್ಲಿಗೆ ಕಾಲುವೆ ನೀರು ಹತ್ತುತ್ತಿರಲಿಲ್ಲ. ಅದಕ್ಕೆ ಮಾತ್ರ ಕೊಡದಲ್ಲಿ ಹೊತ್ತು ಹಾಕಬೇಕು. ಆ ಒಂದು ಮರವನ್ನು ಬಿಟ್ಟುಬಿಡಿ ಎಂದು ಎಲ್ಲರೂ ಹೇಳಿದ್ದರು. ಅಪ್ಪ ಬಿಟ್ಟಿರಲಿಲ್ಲ.

ಇನ್ನು ಆಟದ ವಿಷಯ. ನನ್ನಣ್ಣ ತಿಪಟೂರಿನಲ್ಲಿ ಸಾಹೇಬರೊಬ್ಬರ ಗ್ಯಾರೇಜಿನಲ್ಲಿ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದ. ಒಂದು ಸಲ ಹೊರದೇಶದಿಂದ ಬಂದ ಬಿಡಿಭಾಗದ ಪೆಟ್ಟಿಗೆಯೊಳಗೆ ಸುತ್ತಿಟ್ಟಿದ್ದ ಬಣ್ಣದ ಹಾಳೆಯೊಂದು ಅವನಿಗೆ ಸಿಕ್ಕಿತು. ಅದರಲ್ಲಿ ಕೂದಲು ಬಿಟ್ಟ ಬಿಳಿಯರು ಮರಗಳ ನಡುವೆ ನಿಂತು ತಟ್ಟೆಯಂಥದ್ದನ್ನು ಎಸೆಯುತ್ತಿದ್ದರು. ದೂರದಲ್ಲಿ ಕಂಬಕ್ಕೆ ಒಂದು ಬುಟ್ಟಿ, ಬುಟ್ಟಿಯ ಮೇಲೆ ಸರಪಳಿಗಳು. ಕೆಳಗೆ ಇಂಗ್ಲಿಷಿನಲ್ಲಿ ಆಟದ ವಿವರ. ಹದಿನೆಂಟು ಗುರಿಗಳನ್ನು ಒಂದಾದ ಮೇಲೊಂದು ಮುಟ್ಟಬೇಕು, ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ, ಇದಕ್ಕೆ ದೊಡ್ಡ ಪಂದ್ಯಗಳು ನಡೆಯುತ್ತವೆ, ಪಂದ್ಯವೇ ಕಸುಬಾದ ಆಟಗಾರರೂ ಇದ್ದಾರೆ. ಅಲ್ಲಿಗೆ ಹಾಳೆ ಹರಿದಿತ್ತು. ಉಳಿದ ನಿಯಮಗಳನ್ನು ನಾವೇ ಮಾಡಿಕೊಂಡೆವು.

ತಟ್ಟೆಗೆ ಗ್ಯಾರೇಜಿನ ಗ್ರೀಸ್ ಡಬ್ಬದ ಮುಚ್ಚಳವೇ ಸರಿಹೋಯಿತು. ಅಂಚು ಮಡಿಚಿರುತ್ತದೆ, ಕೈ ಕುಯ್ಯುವುದಿಲ್ಲ. ಅಣ್ಣ ಎಸೆದರೆ ಅದು ಹೊರಳಿ ಹೊರಳಿ ಬೇಲಿಗೆ ಬೀಳುತ್ತಿತ್ತು. ನಾನು ಎಸೆದರೆ ನೆಟ್ಟಗೆ ಹೋಗಿ ಮರಕ್ಕೆ ಠಣ್ಣನೆ ಬಡಿಯುತ್ತಿತ್ತು. ಅವನು ನನ್ನ ಕೈ ಹಿಡಿದು ತಿರುಗಿಸಿ ನೋಡಿದ. ಅದರಲ್ಲೇನೂ ಗುಟ್ಟಿಲ್ಲ. ಚಿಕ್ಕಂದಿನಿಂದ ಸಗಣಿ ಉಂಡೆಯನ್ನು ದೂರದಿಂದಲೇ ಗೋಡೆಗೆ ಬೀಸಿ ಬೆರಣಿ ಹಚ್ಚಿದ ಕೈ ಅದು. ಹತ್ತಿರ ಹೋಗಿ ತಟ್ಟಲು ನನಗೆ ಸೋಮಾರಿತನ. ಅಜ್ಜಿ ಅದಕ್ಕಾಗಿ ಬಯ್ದ ಬಯ್ಗುಳವೆಲ್ಲ ಆ ದಿನ ಸಾರ್ಥಕವಾಯಿತು.

ಆಟದ ದಾರಿ ರೂಪಿಸಿದ್ದು ನಾವಿಬ್ಬರೂ ಸೇರಿ, ಜಗಳವಾಡುತ್ತಾ. ಒಂದನೇ ಮರ ಕೊಟ್ಟಿಗೆ ಪಕ್ಕ, ಸುಲಭದ್ದು, ಬಂದವರಿಗೆ ಧೈರ್ಯ ಬರಲಿ ಎಂದು. ಎರಡನೆಯದು ಹುಲ್ಲಿನ ಬಣವೆಯ ಹಿಂದೆ, ಧೈರ್ಯ ಹೋಗಲಿ ಎಂದು. ನಾಲ್ಕನೆಯದಕ್ಕೆ ಬಾವಿಯ ಮೇಲಿಂದ ಎಸೆಯಬೇಕು. ಏಳನೆಯದು ದಿಬ್ಬದ ಮೇಲಿನ ಒಂಟಿ ಮರ. ಕೆಳಗಿಂದ ಮೇಲಕ್ಕೆ ಎಸೆಯುವುದು ಬಹಳ ಕಷ್ಟ ಎಂದು ನಾನೇ ಹಟ ಹಿಡಿದು ಅದನ್ನು ಸೇರಿಸಿದೆ. ಎಂಟನೆಯದಕ್ಕೆ ಮತ್ತೆ ಇಳಿದು ಬಾವಿ ಬಳಸಿ ಬರಬೇಕು. ಮುಚ್ಚಳ ಪಕ್ಕದ ತೋಟಕ್ಕೆ ಬಿದ್ದರೆ ಬೇಲಿಯಾಚೆ ಉದುರಿದ ಕಾಯಿಗೆ ಇರುವ ನಿಯಮವೇ ಅದಕ್ಕೂ. ಬಿದ್ದ ನೆಲದವರದು, ಬಾಯಿಬಿಟ್ಟು ಕೇಳಿ ತರಬೇಕು. ಹದಿನೆಂಟನೆಯದು ಮರವಲ್ಲ. ಕಂಬಕ್ಕೆ ಬುಟ್ಟಿಯ ಜಾಗದಲ್ಲಿ ಸಗಣಿ ಹೊರುವ ಮಂಕರಿ ಕಟ್ಟಿ, ಅದರ ಮೇಲೆ ಎತ್ತಿನ ಕೊರಳ ಸರಪಳಿ ಇಳಿಬಿಟ್ಟು, ಗಂಟೆಯನ್ನೂ ತೂಗುಹಾಕಿದೆವು. ಆಡಲು ಬರುವವರು ತಲಾ ಒಂದು ಕಾಯಿ ತರಬೇಕು, ಗೆದ್ದವರಿಗೆ ಅಷ್ಟೂ ಕಾಯಿ. ಆಡಿದ್ದಕ್ಕೆ ಕಾಯಿ ಸಿಕ್ಕಿದರೆ ನಾವೂ ಕಸುಬಿನ ಆಟಗಾರರೇ ಎಂದು ಅಣ್ಣ ಎದೆ ಉಬ್ಬಿಸಿದ.

ಪಂದ್ಯ ಎಂದ ಮೇಲೆ ಮೈಕು ಬೇಕಲ್ಲ. ತಿಪಟೂರಿನಲ್ಲಿ ಒಬ್ಬರು ವಾರಪತ್ರಿಕೆ ನಡೆಸುತ್ತಿದ್ದರು. ಬರೆಯುವವರು, ಅಚ್ಚಿನ ಮೊಳೆ ಜೋಡಿಸುವವರು, ಸೈಕಲ್ಲಿನಲ್ಲಿ ಹಂಚುವವರು ಎಲ್ಲ ಅವರೇ. ಜೊತೆಗೆ ಮದುವೆಮನೆಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಅವರು ನಮ್ಮ ಜಗಲಿ ಮೇಲೆ ಕೂತು ಒಂದು ಕರಾರು ಮುಂದಿಟ್ಟರು. ಮೈಕ್ ಪುಕ್ಕಟೆ. ಆದರೆ ಪಂದ್ಯದ ಸುದ್ದಿ ಬರೆಯುವ ಹಕ್ಕು, ಮೈಕಿನಲ್ಲಿ ವರ್ಣಿಸುವ ಹಕ್ಕು ಪೂರ್ತಿ ತಮ್ಮದೇ. ಅಷ್ಟೇ ಅಲ್ಲ, ತಾವು ಹೇಳುವವರೆಗೆ ಇದೇನು ಆಟ, ಎಲ್ಲಿ ಆಡುತ್ತಾರೆ ಎಂದು ನಾವು ಒಂದು ನರಪಿಳ್ಳೆಗೂ ಬಾಯಿ ಬಿಡಬಾರದು. ಸುದ್ದಿ ಮೊದಲೇ ಊರೆಲ್ಲ ಹರಡಿದರೆ ಪತ್ರಿಕೆ ಕೊಳ್ಳುವವರು ಯಾರು? ಅಣ್ಣ ಹೂಂ ಎಂದ. ಅಜ್ಜಿ ಒಳಗಿಂದ ಎಲೆ ಅಡಿಕೆ ತಂದು ಅವರ ಕೈಗಿಟ್ಟಳು. ನಮ್ಮ ಕಡೆ ಎಲೆ ಅಡಿಕೆ ಕೈ ಬದಲಾಯಿಸಿತು ಎಂದರೆ ಮುಗಿಯಿತು. ಮದುವೆಯೂ ಅದರಿಂದಲೇ ಗಟ್ಟಿ, ಎತ್ತಿನ ವ್ಯಾಪಾರವೂ ಅದರಿಂದಲೇ ಗಟ್ಟಿ. ಅಜ್ಜಿ ನನ್ನ ಕಡೆ ತಿರುಗಿ ಹೇಳಿದಳು:

‘ಎಲೆ ಅಡ್ಕೆ ಕೊಟ್ಟಾಯ್ತು ಕಣೇ. ನಿಮ್ಮಪ್ಪನತ್ರನೂ ಬಾಯಿ ಬುಡಂಗಿಲ್ಲ.’

ಅಪ್ಪ ಸಂತೆಗೆ ಹೋದ ಶನಿವಾರ ನಾವು ಮರಗಳಿಗೆ ನಂಬರ್ ಬರೆದೆವು. ಊರಿನ ಮುಕ್ಕಾಲು ಜನ ಸಂತೆಯಲ್ಲಿದ್ದರು. ಗ್ಯಾರೇಜಿನ ಕೆಂಪು ಬಣ್ಣ, ದಪ್ಪ ಕುಂಚ, ನನ್ನ ಎದೆಮಟ್ಟಕ್ಕೆ ದುಂಡಗೆ ಒಂದರಿಂದ ಹದಿನೇಳು. ಬರೆದು ಮುಗಿಸಿ ದೂರ ನಿಂತು ನೋಡಿ ಬಹಳ ಖುಷಿಪಟ್ಟೆವು. ಒಂದು ವಿಷಯ ನಮ್ಮ ತಲೆಗೇ ಹೊಳೆಯಲಿಲ್ಲ. ಹಿಂದಿನ ವರ್ಷ ಪಕ್ಕದ ಊರಿಗೆ ನಾಲೆ ಅಳೆಯುವವರು ಬಂದಾಗ, ನಾಲೆಯ ದಾರಿಗೆ ಸಿಗುವ ಮರಗಳಿಗೆ ಹೀಗೇ ಕೆಂಪು ಬಣ್ಣದಲ್ಲಿ ನಂಬರ್ ಹಾಕಿ ಹೋಗಿದ್ದರು. ನಂಬರ್ ಬಿದ್ದ ಮರ ಹೋಗುತ್ತದೆ, ಉಳಿದ ತೋಟಕ್ಕೆ ನೀರು ಬರುತ್ತದೆ.

ಸಂತೆಯಿಂದ ಬಂದವರಲ್ಲಿ ಮೊದಲು ನೋಡಿದವನು ಯಾರೋ ಗೊತ್ತಿಲ್ಲ. ದೀಪ ಹಚ್ಚುವ ಹೊತ್ತಿಗೆ ನಮ್ಮ ಬೇಲಿಯುದ್ದಕ್ಕೂ ಜನ. ನಾಲೆ ಬಂತು, ನಾಲೆ ಬಂತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅಪ್ಪ ತೋಟವನ್ನೆಲ್ಲ ಒಂದು ಸುತ್ತು ಹಾಕಿ ಬಂದು, ಯಾರು ಬಂದಿದ್ದರು ಎಂದು ಅಜ್ಜಿಯನ್ನು ಕೇಳಿದರು. ಬಂದಿದ್ದರು, ಬರೆದರು, ಹೋದರು ಎಂದಳು ಅಜ್ಜಿ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಪ್ಪ ನನ್ನ ಮುಖ ನೋಡಿದರು. ನಾನು ರಾಗಿ ಮುದ್ದೆಗೆ ಇಟ್ಟಿದ್ದ ಎಸರನ್ನು ನೋಡಿದೆ.

ಆ ವಾರ ನಮ್ಮಪ್ಪ ಊರ ದೊಡ್ಡಮನುಷ್ಯರಾದರು. ಮಾತು ಬಿಟ್ಟಿದ್ದ ದಾಯಾದಿ ಬಂದು, ನಾಲೆ ಸ್ವಲ್ಪ ತನ್ನ ಕಡೆಗೂ ಬಾಗುವಂತೆ ಹೇಳಿ ಎಂದು ಕೇಳಿಕೊಂಡ. ಅಪ್ಪ ನೋಡೋಣ ಎಂದರು. ಕುರ್ಚಿ ಹಾಕಿಸಿಕೊಂಡು ಜಗಲಿಯ ಮೇಲೆ ಕೂತರು, ಮನೆಯಲ್ಲಿದ್ದ ಒಂದೇ ಇಸ್ತ್ರಿ ಅಂಗಿಯನ್ನು ದಿನವೂ ಹಾಕಿದರು. ನಾಲೆಗೆ ಸೇತುವೆ ಎಲ್ಲಿ ಹಾಕಿದರೆ ಒಳ್ಳೆಯದು ಎಂದು ಬಂದವರಿಗೆಲ್ಲ ವಿವರಿಸಿದರು. ನಾನು ನೋಡಿ ನೋಡಿ ಸತ್ತೆ. ಬೆಳಗಾದರೆ ಸಲಿಕೆ ಹಿಡಿದು ನೀರು ಕಟ್ಟುವ ಊರಿದು. ನೀರು ಎತ್ತ ಹರಿಯುತ್ತದೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಅಂಥ ಊರಿನಲ್ಲಿ ಒಬ್ಬನಿಗೂ ಈ ನಾಲೆ ದಿಬ್ಬ ಹತ್ತಿ ಇಳಿದು ಬಾವಿ ಸುತ್ತಿ ತನ್ನನ್ನೇ ತಾನು ದಾಟಿಕೊಂಡು ಹೋಗುತ್ತದೆ ಎಂದು ಕಾಣಲಿಲ್ಲವಲ್ಲ.

ಬುಧವಾರ ಚಿಕ್ಕನಾಯಕನಹಳ್ಳಿ ಕಡೆಯಿಂದ ಹೇಳಿಕಳಿಸಿದರು. ಭಾನುವಾರ ಬರುತ್ತಾರಂತೆ. ಹುಡುಗಿಯನ್ನು ಒಂದು ಸಲ ನೋಡಿಯಾಗಿದೆ, ಈ ಸಲ ತೋಟ ನೋಡಿಕೊಂಡು, ಒಪ್ಪಿಗೆಯಾದರೆ ಎಲೆ ಅಡಿಕೆಯನ್ನೂ ಮುಗಿಸುತ್ತಾರಂತೆ. ಅಪ್ಪ ನಮ್ಮವ್ವನನ್ನು ಕರೆದು ಪಾಯಸಕ್ಕೆ ಏನೇನು ಬೇಕು ಎಂದು ಕೇಳತೊಡಗಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ನಾನು ಮಾತ್ರ ಒಲೆ ಮುಂದೆ ಕೂತು ಲೆಕ್ಕ ಹಾಕಿದೆ. ಇಲ್ಲದ ನಾಲೆ ನೋಡಿ ನನ್ನನ್ನು ಮಾಡಿಕೊಂಡು ಹೋದರೆ, ನಾಲೆ ಇಲ್ಲವೆಂದು ಗೊತ್ತಾದ ದಿನ ಆ ಮನೆಯಲ್ಲಿ ನನ್ನ ಗತಿಯೇನು? ಆ ಗಂಡಿನ ಅಪ್ಪ ಬದುಕಿರುವವರೆಗೂ ಮೀಸೆ ಅಲ್ಲಾಡಿಸುತ್ತಾರೆ. ಹೇಳಿಬಿಟ್ಟರೆ ಅವರು ಬರುವುದೇ ಇಲ್ಲ, ಆ ನಗುವನ್ನು ಮತ್ತೆ ನೋಡುವುದೂ ಇಲ್ಲ. ಅಜ್ಜಿಯ ಹತ್ತಿರ ಹೋಗಿ ಈ ಸುಡುಗಾಡು ಕರಾರು ಮುರಿಯುತ್ತೇನೆ ಎಂದೆ. ಕೊಟ್ಟ ಎಲೆ ಅಡಿಕೆಗೆ ಬೆಲೆಯಿಲ್ಲದ ಮನೆಯವರು ಭಾನುವಾರ ಮತ್ತೆ ಯಾವ ಮುಖ ಇಟ್ಟುಕೊಂಡು ಎಲೆ ಅಡಿಕೆ ಕೊಡುತ್ತೀರಿ ಎಂದು ಅವಳು ತಿರುಗಿಸಿ ಕೇಳಿದಳು. ನನ್ನ ಬಾಯಿ ಎಲ್ಲಿಂದ ಬಂದದ್ದು ಎಂದು ನಿಮಗೀಗ ಗೊತ್ತಾಗಿರಬೇಕು.

ಗುರುವಾರ ಪತ್ರಿಕೆ ಬರುತ್ತದಲ್ಲ, ಎಲ್ಲ ಬಯಲಾಗುತ್ತದೆ ಎಂದು ಕಾದೆ. ಪತ್ರಿಕೆ ಬಂತು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ, ತೋಟದ ಕೆಂಪು ನಂಬರುಗಳ ಗುಟ್ಟು ಭಾನುವಾರ ಬಯಲು, ಎಲ್ಲರೂ ಬನ್ನಿ ಎಂದಿತ್ತು. ಅಷ್ಟೇ. ಆ ಮನುಷ್ಯನ ಕಿವಿಗೆ ನಾಲೆಯ ಪುಕಾರು ಬಿದ್ದಿತ್ತು, ಇದರಿಂದ ಭಾನುವಾರದ ಪಂದ್ಯಕ್ಕೆ ಜನ ಇನ್ನೂ ಜಾಸ್ತಿ ಸೇರುತ್ತಾರೆ ಎಂದು ಅವನು ಲೆಕ್ಕ ಹಾಕಿದ್ದ. ಆವತ್ತು ಅವನು ಎದುರಿಗೆ ಸಿಕ್ಕಿದ್ದರೆ ಮುಚ್ಚಳವನ್ನು ಮರಕ್ಕಲ್ಲ, ಅವನ ತಲೆಗೆ ಎಸೆಯುತ್ತಿದ್ದೆ.

ಭಾನುವಾರ ಸುತ್ತಲ ಊರಿನ ಜನವೆಲ್ಲ ನಮ್ಮ ತೋಟದಲ್ಲಿತ್ತು. ಪತ್ರಿಕೆಯವರು ಮರಕ್ಕೆ ಮೈಕಿನ ಹಾರನ್ ಕಟ್ಟಿ, ಹಲೋ ಹಲೋ ಎನ್ನುತ್ತಿದ್ದರು. ಅಣ್ಣನ ಗ್ಯಾರೇಜಿನ ಹುಡುಗರು ಕಂಕುಳಲ್ಲಿ ಮುಚ್ಚಳ, ಕೈಯಲ್ಲಿ ಕಾಯಿ ಹಿಡಿದು ನಿಂತಿದ್ದರು. ಅವರಿಗೂ ಯಾಕೆಂದು ಪೂರ್ತಿ ಗೊತ್ತಿರಲಿಲ್ಲ. ಹತ್ತರ ಬಸ್ಸಿಗೆ ಗಂಡಿನವರು ಬಂದರು. ಗಂಡಿನ ಅಪ್ಪ ಈ ಸಲ ನನ್ನ ಕಡೆ ನೋಡಲೂ ಇಲ್ಲ. ಕೊಡೆ ಹಿಡಿದು ನಂಬರಿನಿಂದ ನಂಬರಿಗೆ ಹೋಗಿ ಒಂದೊಂದು ಮರವನ್ನೂ ತಟ್ಟಿ ತಟ್ಟಿ ನೋಡಿದರು. ನಮ್ಮಪ್ಪ ಹಿಂದೆಯೇ ಕೈಕಟ್ಟಿ ನಡೆದರು.

ಗಂಡು ದಿಬ್ಬದ ಹತ್ತಿರ ಹಿಂದುಳಿದ. ನಾನು ಬಾವಿಯಿಂದ ಕೊಡ ಹೊತ್ತು ಅತ್ತಲೇ ಬರುತ್ತಿದ್ದೆ. ಬೇಕೆಂದೇ ಬರುತ್ತಿದ್ದೆ ಎಂದು ಹೇಳುವುದಕ್ಕೆ ಈಗ ಯಾವ ನಾಚಿಕೆಯೂ ಇಲ್ಲ. ಅವನು ಏಳನೇ ಮರವನ್ನು ನೋಡಿದ, ಕೆಳಗೆ ಆರನೇ ಮರವನ್ನು ನೋಡಿದ, ನನ್ನ ಕೊಡವನ್ನೂ ನೋಡಿದ.

‘ಈ ಮರಕ್ಕೆ ನೀರು ಹೊತ್ತು ಹಾಕ್ತೀರಲ್ವಾ?’

ಹೂಂ ಎಂದೆ.

‘ಹಂಗಾರೆ ನಾಲೆ ಹೆಂಗೆ ಹತ್ತುತ್ತೆ ಕಣ್ರೀ ಇಲ್ಲಿಗೆ?’

ಇಡೀ ತಾಲ್ಲೂಕಿನಲ್ಲಿ ಕಣ್ಣಿರುವ ಒಬ್ಬನೇ ಗಂಡಸು ಎದುರಿಗೆ ನಿಂತು ಕೇಳುತ್ತಿದ್ದಾನೆ, ನಾನು ಬಾಯಿ ತೆರೆಯುವಂತಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ಸುಮ್ಮನಿದ್ದದ್ದಿಲ್ಲ. ಕೊಡದ ನೀರನ್ನು ಮರದ ಬುಡಕ್ಕೆ ಸುರಿದು ಹೊರಟೆ. ಹಿಂದಿನಿಂದ ಅದೇ ನಗು ಕೇಳಿಸಿತು, ಈ ಸಲ ಲೋಟವಿಲ್ಲದೆ.

ತಿರುಗಿ ಬರುವಷ್ಟರಲ್ಲಿ ಚಪ್ಪರದ ಕೆಳಗೆ ಚಾಪೆ ಹಾಸಿಯಾಗಿತ್ತು. ಯಮಗಂಡ ಕಾಲಕ್ಕೆ ಮೊದಲು ಎಲೆ ಅಡಿಕೆ ಆಗಿಬಿಡಲಿ ಎಂದು ಗಂಡಿನ ಅಪ್ಪ ಅವಸರ ಮಾಡುತ್ತಿದ್ದರು. ನಾಲೆ ಬರುವ ತೋಟ, ಬೇರೆ ಯಾರಾದರೂ ಬಂದು ಕೂತರೆ ಎಂಬ ಭಯ ಅವರಿಗೆ. ಅತ್ತ ಪತ್ರಿಕೆಯವರು ಜನ ಇನ್ನಷ್ಟು ಸೇರಲಿ ಎಂದು ಮೈಕಿನಲ್ಲಿ ಒಂದು ಸೋಪಿನ ಗುಣಗಾನ ಮಾಡುತ್ತಿದ್ದರು. ಅಜ್ಜಿ ಎಲೆ ಅಡಿಕೆಯ ತಟ್ಟೆ ತಂದಿಟ್ಟಳು. ಗಂಡಿನ ಅಪ್ಪ ಎರಡೂ ಕೈ ಚಾಚಿದರು. ಅಪ್ಪ ತಟ್ಟೆ ಎತ್ತದೆ ಗಂಟಲು ಸರಿಮಾಡಿಕೊಂಡರು.

ನಾನು ಬಾಯಿ ಬಿಡುವುದಿಲ್ಲ ಎಂದು ತಾನೇ ಎಲೆ ಅಡಿಕೆ ಕೊಟ್ಟದ್ದು? ಬಿಡಲಿಲ್ಲ. ಅಣ್ಣನ ಕೈಯಿಂದ ಮುಚ್ಚಳ ಕಿತ್ತುಕೊಂಡು, ಸೆರಗು ಸಿಕ್ಕಿಸಿ, ಚಪ್ಪರದ ಮುಂದೆಯೇ ನಿಂತು ಒಂದನೇ ಮರಕ್ಕೆ ಬೀಸಿದೆ. ಠಣ್. ಜನವೆಲ್ಲ ತಿರುಗಿತು. ಹೋಗಿ ಮುಚ್ಚಳ ಎತ್ತಿಕೊಂಡು ಬಣವೆಯ ಪಕ್ಕದಿಂದ ಎರಡನೆಯದಕ್ಕೆ ಬೀಸಿದೆ. ಮೂರನೆಯದಕ್ಕೆ ಬೀಸುವ ಹೊತ್ತಿಗೆ ಜನ ನನ್ನ ಹಿಂದೆ ಬರುತ್ತಿತ್ತು. ಬಾವಿಯ ಮೇಲಿಂದ ಹಾರಿದ ಮುಚ್ಚಳ ನಾಲ್ಕನೇ ನಂಬರಿನ ಮೇಲೇ ಬಡಿದಾಗ ಎಲ್ಲೋ ಒಬ್ಬ ನಕ್ಕ. ಆಮೇಲೆ ಇನ್ನೊಬ್ಬ. ಐದನೇ ಮರದ ಹೊತ್ತಿಗೆ ತೋಟಕ್ಕೆ ತೋಟವೇ ನಗುತ್ತಿತ್ತು. ನಾಲೆ ಅಲ್ಲ, ಆಟ ಎಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಪತ್ರಿಕೆಯವರು ಸೋಪನ್ನು ಅಲ್ಲಿಗೇ ಬಿಟ್ಟು ವರ್ಣನೆಗೆ ಬಿದ್ದರು.

ಗಂಡಿನ ಅಪ್ಪ ಎದ್ದುಬಿಟ್ಟರು. ಮೀಸೆ ಅಲ್ಲಾಡುತ್ತಿತ್ತು. ಇಂಥ ಮೋಸ ಕಂಡಿಲ್ಲ ಎಂದರು. ನಮ್ಮಪ್ಪ ಏನೋ ಹೇಳಲು ಹೋದರೆ ಕೇಳಿಸಿಕೊಳ್ಳಲಿಲ್ಲ. ಹನ್ನೆರಡರ ಬಸ್ಸಿದೆ, ಬಾ ಎಂದು ಮಗನನ್ನು ಕೂಗಿದರು. ನಾನು ಆರನೇ ಮರದ ಹತ್ತಿರ ಕೈಯಲ್ಲಿ ಮುಚ್ಚಳ ಹಿಡಿದು ನಿಂತಿದ್ದೆ. ಹೋದರೆ ಹೋಗಲಿ ಎಂದುಕೊಂಡೆ, ಹೋಗದಿರಲಿ ಎಂದೂ ಅಂದುಕೊಂಡೆ. ಅವನು ಗ್ಯಾರೇಜಿನ ಹುಡುಗನೊಬ್ಬನಿಂದ ಮುಚ್ಚಳ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

‘ನೀವು ಹೋಗಿರಿ ಅಪ್ಪ,’ ಎಂದ. ‘ಇನ್ನೂ ಬೇಜಾನ್ ನಂಬರ್ ಅವೆ. ಆಡ್ಕೊಂಡು ಬತ್ತೀನಿ.’

ಆಟ ಅವನಿಗೆ ಏನೇನೂ ಬರುತ್ತಿರಲಿಲ್ಲ. ಮೊದಲ ಮುಚ್ಚಳ ಎಮ್ಮೆಗೆ ಬಿತ್ತು, ಎರಡನೆಯದು ಬಾವಿಗೆ. ಮೂರನೆಯದು ದಾಯಾದಿಯ ತೋಟಕ್ಕೆ ಹೋದಾಗ, ನಿಯಮದಂತೆ ಬೇಲಿ ಹತ್ತಿರ ನಿಂತು ದೀನನಾಗಿ ಕೇಳಿ ತಂದ. ಏಳನೇ ಮರಕ್ಕೆ ಎಷ್ಟು ಸಲ ಎಸೆದರೂ ಮುಚ್ಚಳ ದಿಬ್ಬದಿಂದ ಉರುಳಿ ಅವನ ಕಾಲ ಬುಡಕ್ಕೇ ಬರುತ್ತಿತ್ತು. ಗಂಡಿನ ಕಡೆಯವರು ಸೋಲೊಪ್ಪುವ ಲಕ್ಷಣ ಕಾಣುತ್ತಿಲ್ಲ ಎಂದು ಪತ್ರಿಕೆಯವರು ಮೈಕಿನಲ್ಲಿ ಸಾರಿದರು. ಅಣ್ಣನೂ ಅವನ ಹುಡುಗರೂ ಎಸೆತದ ಲೆಕ್ಕದಲ್ಲಿ ನನ್ನ ಹತ್ತಿರಕ್ಕೂ ಬರಲಿಲ್ಲ. ಕೊನೆಯ ಮಂಕರಿಗೆ ನನ್ನ ಮುಚ್ಚಳ ಬಿದ್ದು ಸರಪಳಿ, ಗಂಟೆ ಒಟ್ಟಿಗೆ ಬಾರಿಸಿದಾಗ ತಿರುಗಿ ನೋಡಿದೆ. ಗಂಡಿನ ಅಪ್ಪ ಬಸ್ಸಿಗೆ ಹೋಗಿರಲಿಲ್ಲ. ಚಪ್ಪರದ ಕೆಳಗೆ ಅಜ್ಜಿ ಕೊಟ್ಟ ಪಾಯಸ ಕುಡಿಯುತ್ತಾ ಕೂತಿದ್ದರು, ಇನ್ನೊಂದು ಲೋಟ ಕೇಳುವ ಮುಖದಲ್ಲಿ. ಮುಂದಿನ ಗುರುವಾರದ ಪತ್ರಿಕೆಯಲ್ಲಿ ಪಂದ್ಯದ ಫಲಿತಾಂಶದ ಜೊತೆ ನನ್ನ ಮದುವೆ ಗಟ್ಟಿಯಾದ ಸುದ್ದಿಯೂ ಬಂತು. ಆಗಿನ್ನೂ ಯಾರೂ ಏನೂ ಗಟ್ಟಿ ಮಾಡಿರಲಿಲ್ಲ. ಕೇಳಿದ್ದಕ್ಕೆ, ಆ ಸುದ್ದಿಯ ಹಕ್ಕೂ ತಮ್ಮದೇ ಎಂದರು.

ಆದರೆ ನಾನು ಹೇಳಬೇಕೆಂದಿದ್ದದ್ದು ಮಾರನೆಯ ಬೆಳಗಿನ ಮಾತು. ಅಪ್ಪ ಇಸ್ತ್ರಿ ಅಂಗಿ ಕಳಚಿ, ಹಳೆಯ ಬನಿಯನ್ನಿನಲ್ಲಿ ನೀರು ಕಟ್ಟುತ್ತಿದ್ದರು. ಊರವರು ಬೇಲಿಯಾಚೆಯಿಂದ, ನಾಲೆಯವರೇ, ಸೇತುವೆ ಎಲ್ಲಿಗೆ ಬಂತು ಎಂದು ಕೇಳಿಕೊಂಡು ಹೋಗುತ್ತಿದ್ದರು. ಅಪ್ಪ ನಕ್ಕು ಕಾಲುವೆ ತಿರುಗಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ನಿಮ್ಮನ್ನು ಇಷ್ಟು ಜನರ ಮುಂದೆ ನಗೆಪಾಟಲು ಮಾಡಿಬಿಟ್ಟೆವಲ್ಲ, ನಾಲೆ ಬಂತು ಎಂದು ನೀವು ಎಷ್ಟು ಆಸೆಪಟ್ಟಿರಿ ಎಂದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅಪ್ಪ ಕೊಡ ಎತ್ತಿ ಹೆಗಲಿಗಿಟ್ಟುಕೊಂಡು ದಿಬ್ಬ ಹತ್ತುತ್ತಿದ್ದರು. ಏಳನೇ ಮರದ ಹತ್ತಿರ ನಿಂತರು.

‘ನೀನು ಹುಟ್ಟೋ ಮುಂಚಿಂದ ಈ ಮರಕ್ಕೆ ನೀರು ಹೊತ್ತಿದೀನಿ ಕಣವ್ವ. ಇಲ್ಲಿಗೆ ನಾಲೆ ಹತ್ತುತ್ತೆ ಅಂತ ನಂಬಕ್ಕೆ ನಂಗೇನು ತಲೆ ಕೆಟ್ಟಿತ್ತಾ? ನಿಮ್ಮಣ್ಣನ ಕೈ ಬಣ್ಣ ಅವತ್ತೇ ನೋಡ್ದೆ.’

ನಾನು ಕಣ್ಣೊರೆಸಿಕೊಂಡು ಕೇಳಿದೆ. ಮತ್ತೆ ಆ ಕುರ್ಚಿ, ಆ ಅಂಗಿ, ಆ ಸೇತುವೆ?

‘ಸುದ್ದಿ ಅವ್ರ ಊರ್ಗಂಟ ಹೋಗ್ಲಿ ಅಂತ. ಅವ್ರು ಇನ್ನೊಂದು ಸಲ ಬಂದು ನಿನ್ನ ಸರ್ಯಾಗಿ ನೋಡ್ಲಿ ಅಂತ. ಎಲೆ ಅಡ್ಕೆ ಹಿಡಿಯೋ ಮುಂಚೆ ನಾನೇ ಹೇಳ್ತಿದ್ದೆ. ಬಾಯಿ ತೆಗ್ಯೋ ಅಷ್ಟ್ರಲ್ಲಿ ನೀನು ಮುಚ್ಚಳ ಎಸ್ದೆ.’

ಅಪ್ಪನ ಹೆಗಲಿಂದ ಕೊಡ ಇಳಿಸಿಕೊಂಡು ಮರದ ಬುಡಕ್ಕೆ ನಾನೇ ನೀರು ಹಾಕಿದೆ.